ಹಾರ್ಮೋನಿಕಾಗೆ ಮೊದಲ ಮೈಕ್ ಕೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಹಾರ್ಮೋನಿಕಾವನ್ನು ಮೈಕ್ ಜೊತೆ ಕೈಯಲ್ಲಿ ಹಿಡಿದು ಆಂಪ್‌ನಲ್ಲಿ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ನುಡಿಸಬೇಕು ಅಂತ ಆಸೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗುಂಡಿನಾಕಾರದ, ಅಂಗೈಯಲ್ಲಿ ಹಿಡಿಯುವ ಹಳೆಯ ಬುಲೆಟ್ ಮೈಕ್ ಒಂದನ್ನು ಬರೀ ಫೋಟೋ ನೋಡಿ ಕೊಂಡು ಮೋಸ ಹೋದೆ. ದುಡ್ಡು ಹೋಯಿತು, ಆರು ತಿಂಗಳೂ ಹೋಯಿತು. ಅಷ್ಟೂ ದಿನ ತಪ್ಪು ನನ್ನ ನುಡಿಸಾಣಿಕೆಯಲ್ಲೇ ಇದೆ ಅಂತ ನಂಬಿದ್ದೆ. ಒಂದು ಹಂತದಲ್ಲಿ ನುಡಿಸೋದನ್ನೇ ಬಿಟ್ಟುಬಿಡೋಣ ಅನ್ನಿಸಿತ್ತು. ಬೇರೆ ಯಾರಿಗೂ ಹಾಗಾಗಬಾರದು.

ಆಸೆ ಹುಟ್ಟಿದ್ದು ಹಾರ್ಮೋನಿಕಾ ವಾದಕ ಲಿಟಲ್ ವಾಲ್ಟರ್ ಅವರನ್ನು ಕೇಳಿ. 1950ರ ದಶಕದ ಷಿಕಾಗೋ ಬ್ಲೂಸ್‌ನ ಆ ದಪ್ಪ, ಗೊಗ್ಗರು ದನಿ ಒಮ್ಮೆ ಕಿವಿಗೆ ಬಿದ್ದರೆ ಬಿಡೋದಿಲ್ಲ, ಅಲ್ವಾ? ಆ ಬಗೆಯ ದನಿಯ ಬಗ್ಗೆ ಎಲ್ಲಿ ಓದಿದರೂ ಬುಲೆಟ್ ಮೈಕ್‌ನ ಮಾತು ಬರುತ್ತದೆ. ಶೂರ್ ಕಂಪನಿಯ 'ಗ್ರೀನ್ ಬುಲೆಟ್' 1949ರಲ್ಲಿ ಬಂದದ್ದು, ಆಸ್ಟ್ಯಾಟಿಕ್ ಕಂಪನಿಯ ಜೆಟಿ-30 ಇನ್ನೂ ಹಳೆಯದು. ಎರಡೂ ಹಾರ್ಮೋನಿಕಾಗಾಗಿ ಮಾಡಿದವಲ್ಲ, ಮಾತಾಡೋದಕ್ಕೆ ಮಾಡಿದ ಮೈಕ್‌ಗಳು. ಹಾರ್ಮೋನಿಕಾದವರು ಅವನ್ನು ತಮ್ಮದು ಮಾಡಿಕೊಂಡರು. ಹಾಗಾಗಿ ನನ್ನ ತಲೆಯಲ್ಲೂ ಒಂದೇ ಲೆಕ್ಕ: ಬುಲೆಟ್ ಸಿಕ್ಕರೆ ಆ ದನಿಯೂ ಸಿಕ್ಕಿತು.

ಮಾರಿದವರು ಬರೆದಿದ್ದು ಇಷ್ಟೇ: ಹಳೆಯ ಮಾಲು, ಒಳಗಡೆ ಅಸಲಿ ಮ್ಯಾಗ್ನೆಟಿಕ್ ಎಲಿಮೆಂಟ್ (ಸದ್ದನ್ನು ಸಿಗ್ನಲ್ ಮಾಡುವ ಭಾಗ), ಚೆನ್ನಾಗಿ ಕೆಲಸ ಮಾಡುತ್ತದೆ. ಫೋಟೋಗಳೆಲ್ಲ ಹೊರಗಿನವು. ಒಳಗಿನದು ಒಂದೂ ಇರಲಿಲ್ಲ, ನಾನೂ ಕೇಳಲಿಲ್ಲ. ಮೈಕ್ ಬಂದಾಗ ಕೈಯಲ್ಲಿ ಹಿಡಿದು ಖುಷಿಪಟ್ಟೆ. ಹಸಿರು ಬಣ್ಣ ಸವೆದಿತ್ತು, ಜಾಲರಿಯ ಅಂಚಲ್ಲಿ ಹಿತ್ತಾಳೆ ಇಣುಕುತ್ತಿತ್ತು. ಹಳೆಯ ಮೈಕ್‌ಗಳಲ್ಲಿ ಎಷ್ಟೋ ಸಲ ಕೇಬಲ್ ಚುಚ್ಚೋದಲ್ಲ, ತಿರುಪಿ ಕೂರಿಸೋದು. ಆ ಕೇಬಲ್‌ಗೇ ಬೇರೆ ಅಲೆದಾಟವಾಯಿತು.

ಮೊದಲ ಸಲ ಗೆಳೆಯರ ಪ್ರಾಕ್ಟೀಸ್‌ನಲ್ಲಿ ಒಂದು ಸಾದಾ ಅಡಾಪ್ಟರ್ ಹಾಕಿ ಮಿಕ್ಸರ್‌ಗೆ ಸಿಕ್ಕಿಸಿದೆ. ಡಬ್ಬಿಯೊಳಗೆ ನೊಣ ಗುಂಯ್‌ಗುಟ್ಟಿದ ಹಾಗೆ ಕೇಳಿಸಿತು. ಗೇನ್ (ಸಿಗ್ನಲ್ ಹೆಚ್ಚಿಸುವ ಗುಂಡಿ) ಏರಿಸಿದರೆ ಕೂಯ್ ಅಂತ ಕೂಗಿತು. ಇಳಿಸಿದರೆ ನಾನು ನುಡಿಸುತ್ತಿರೋದೇ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಒಂದು ಚಿಕ್ಕ ಕಾರ್ಯಕ್ರಮದಲ್ಲೂ ಇದೇ ಗತಿ. ಎರಡನೇ ಹಾಡಿನ ಮಧ್ಯೆ ಸೌಂಡ್ ನೋಡಿಕೊಳ್ಳುತ್ತಿದ್ದವರು ನನ್ನ ಚಾನೆಲ್ ಮುಚ್ಚಿಬಿಟ್ಟರು. ಅದು ಗೊತ್ತಿಲ್ಲದೆ ಇಡೀ ಸೋಲೋ ನುಡಿಸಿದ್ದೆ.

ಮುಗಿದ ಮೇಲೆ ಅವರೇ ಕರೆದು, "ಬೇಜಾರು ಮಾಡ್ಕೋಬೇಡಿ ಸರ್, ಈ ಮೈಕ್ ಇಲ್ಲಿಗೆ ಹಾಕೋದಲ್ಲ" ಅಂದರು. ಆವತ್ತು ಅವರು ಹೇಳಿಕೊಟ್ಟದ್ದನ್ನು ಕೊಳ್ಳೋ ಮುಂಚೆಯೇ ತಿಳಿದಿರಬೇಕಿತ್ತು. ಬುಲೆಟ್ ಮೈಕ್‌ಗಳು ಸಾಮಾನ್ಯವಾಗಿ ಹೈ ಇಂಪೀಡೆನ್ಸ್, ಅಂದರೆ ಸಿಗ್ನಲ್ ಹರಿಯೋದಕ್ಕೆ ಒಳಗಿನ ತಡೆ ಜಾಸ್ತಿ. ಅವಕ್ಕೆ ಗಿಟಾರ್ ಆಂಪ್‌ನ ಇನ್‌ಪುಟ್ ಥರದ್ದು ಬೇಕು, ಅಂದರೆ ಸುಮಾರು ಹತ್ತು ಲಕ್ಷ ಓಮ್. ಮಿಕ್ಸರ್‌ನ ಮೈಕ್ ಇನ್‌ಪುಟ್ ಇರೋದು ಒಂದೆರಡು ಸಾವಿರ ಓಮ್ ಅಷ್ಟೇ. ಅಲ್ಲಿ ಸಿಕ್ಕಿಸಿದರೆ ಮೈಕ್ ಕೊಡೋ ಸಿಗ್ನಲ್ ಹೆಚ್ಚುಕಮ್ಮಿ ಪೂರ್ತಿ ಸೋರಿಹೋಗುತ್ತದೆ. ಕ್ರಿಸ್ಟಲ್ ಮೈಕ್ (ಅಯಸ್ಕಾಂತದ ಬದಲು ಹರಳು ಇರೋದು) ಆದರೆ ಮೊದಲು ಬೇಸ್ ಹೋಗುತ್ತದೆ. ನನಗೆ ಕೇಳಿಸಿದ ನೊಣದ ದನಿ ಅದೇ. ಮೇಲಾಗಿ, ಸಾದಾ ಅಡಾಪ್ಟರ್ ಇದ್ದಾಗ ಮಿಕ್ಸರ್‌ನ 48 ವೋಲ್ಟ್ ಫ್ಯಾಂಟಮ್ ಪವರ್ (ಕೆಲವು ಮೈಕ್‌ಗಳಿಗಾಗಿ ಕೇಬಲ್ ಮೂಲಕ ಕಳಿಸೋ ವಿದ್ಯುತ್) ಆನ್ ಆಗಿದ್ದರೆ ಎಲಿಮೆಂಟ್‌ಗೇ ಅಪಾಯ. ಅದನ್ನೂ ನಾನು ನೋಡಿರಲಿಲ್ಲ.

ಕ್ರಿಸ್ಟಲ್ ಅಂದೆ. ನಾನು ಕೊಂಡದ್ದು ಮ್ಯಾಗ್ನೆಟಿಕ್ ಅಂತ ತಾನೇ? ಇಲ್ಲೇ ಇರೋದು ಅಸಲಿ ಮೋಸ.

ಗಿಟಾರ್ ಆಂಪ್‌ಗೆ ಹಾಕಿದಾಗ ದನಿ ಒಂಚೂರು ತುಂಬಿಕೊಂಡಿತು. ಆದರೆ ದಿನೇ ದಿನೇ ಕುಗ್ಗುತ್ತಾ ಬಂತು. ಒಂದು ಮಧ್ಯಾಹ್ನ ಮೈಕನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟಿದ್ದೆ. ಸಂಜೆ ತೆಗೆದು ಸಿಕ್ಕಿಸಿದರೆ ಉಸಿರೇ ಇಲ್ಲ. ಕೊನೆಗೆ ಮಲ್ಟಿಮೀಟರ್ ಹಿಡಿದೆ. ಮ್ಯಾಗ್ನೆಟಿಕ್ ಎಲಿಮೆಂಟ್‌ನಲ್ಲಿ ತಂತಿಯ ಸುರುಳಿ ಇರೋದರಿಂದ ಮೀಟರ್ ಏನಾದರೊಂದು ಓಮ್ ತೋರಿಸಲೇಬೇಕು. ಇಲ್ಲಿ ಮುಳ್ಳು ಅಲುಗಲಿಲ್ಲ. ಸುರುಳಿ ಕಿತ್ತಿರಬಹುದು ಅಂದುಕೊಂಡು ಸ್ಕ್ರೂ ಬಿಚ್ಚಿದೆ. ಸುತ್ತಲಿನ ರಬ್ಬರ್ ಬಳೆ ಕಲ್ಲಿನ ಹಾಗೆ ಗಟ್ಟಿಯಾಗಿ, ಬೆರಳು ಸೋಕಿದರೆ ಪುಡಿ ಉದುರುತ್ತಿತ್ತು. ಅದರ ಒಳಗಡೆ ಒಂದು ತೆಳ್ಳನೆಯ ಅಲ್ಯುಮಿನಿಯಂ ತಗಡು, ಅಂಚಿಗೆ ಹಳೆಯ ಅಂಟಿನ ಮೇಲೆ ಹೊಸ ಅಂಟು. ಸ್ಕ್ರೂಡ್ರೈವರ್ ತುದಿಯನ್ನು ಹಿಂದೆ ಮುಂದೆ ಎಲ್ಲ ಕಡೆ ತಾಗಿಸಿದೆ. ಎಲ್ಲೂ ಎಳೆಯಲಿಲ್ಲ. ಒಳಗೆ ಅಯಸ್ಕಾಂತವೇ ಇರಲಿಲ್ಲ. ಹಳೆಯ ಚಿಪ್ಪಿಗೆ ಯಾರೋ ಸೋತ ಕ್ರಿಸ್ಟಲ್ ಕೂರಿಸಿ ಅಂಟು ಹಚ್ಚಿದ್ದರು.

ಹಳೆಯ ಕ್ರಿಸ್ಟಲ್ ಎಲಿಮೆಂಟ್‌ಗಳನ್ನು ಮಾಡುತ್ತಿದ್ದದ್ದು ರೋಷೆಲ್ ಸಾಲ್ಟ್ ಅನ್ನೋ ಒಂದು ಉಪ್ಪಿನಿಂದ. ಚೆನ್ನಾಗಿದ್ದರೆ ಅದರ ದನಿಗೆ ಸಾಟಿಯಿಲ್ಲ, ಇದನ್ನು ಮನಸಾರೆ ಹೇಳುತ್ತೇನೆ. ಆದರೆ ಅದು ಉಪ್ಪು. ತೇವ ತಡೆಯೋದಿಲ್ಲ. 55 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಕೆಟ್ಟೇಹೋಗುತ್ತದೆ, ಮುಚ್ಚಿದ ಕಾರಿನಲ್ಲಿ ಅಷ್ಟು ಕಾವು ಏರೋದು ದೊಡ್ಡ ಮಾತಲ್ಲ. ಒಳಗಿರೋದು ಕ್ರಿಸ್ಟಲ್ ಅಂತ ಒಂದು ಮಾತು ಹೇಳಿದ್ದರೆ ಮಗುವಿನ ಥರ ನೋಡಿಕೊಳ್ಳುತ್ತಿದ್ದೆ. ಮಾರಿದವರಿಗೆ ಬರೆದೆ. ಕಳಿಸುವಾಗ ಸರಿ ಇತ್ತು, ನೀವೇ ಬಿಚ್ಚಿದ್ದೀರಿ, ವಾಪಸ್ ಇಲ್ಲ ಅಂದರು. ಬಿಚ್ಚೋ ಮುಂಚೆ ಫೋಟೋ ತೆಗೆದಿಟ್ಟಿದ್ದರೆ, ಬಂದ ದಿನವೇ ಮೀಟರ್ ಹಿಡಿದಿದ್ದರೆ ನನ್ನ ಮಾತಿಗೆ ಬಲ ಇರುತ್ತಿತ್ತು.

ಆದ್ದರಿಂದ ಹಳೆಯ ಬುಲೆಟ್ ನೋಡುತ್ತಿದ್ದರೆ ದಯವಿಟ್ಟು ಹಿಂಬದಿ ಬಿಚ್ಚಿದ ಫೋಟೋ ಕೇಳಿ. ಯಾವ ಎಲಿಮೆಂಟ್, ಮೀಟರ್ ಎಷ್ಟು ತೋರಿಸುತ್ತದೆ, ಯಾವ ಕನೆಕ್ಟರ್ ಅಂತ ಬರವಣಿಗೆಯಲ್ಲೇ ತರಿಸಿಕೊಳ್ಳಿ. ಯಾವ ಆಂಪ್‌ಗೆ ಹಾಕಿ ನುಡಿಸಿದ್ದು ಅಂತ ಹೇಳಿ ಒಂದು ನಿಮಿಷದ ರೆಕಾರ್ಡಿಂಗ್ ಕಳಿಸಿ ಅನ್ನಿ. ಕೊಡಲ್ಲ ಅಂದರೆ ಬಿಟ್ಟುಬಿಡಿ. ನೀವು ದುಡ್ಡು ಕೊಡೋದು ಒಳಗಿನ ಎಲಿಮೆಂಟ್‌ಗೆ, ಚಿಪ್ಪಿಗಲ್ಲ.

ನನ್ನನ್ನು ಕೇಳಿದರೆ, ಮೊದಲ ಮೈಕ್ ಆಗಿ ಹಳೆಯ ಬುಲೆಟ್ ಬೇಡವೇ ಬೇಡ. ಗೆಳತಿಯೊಬ್ಬಳು ಹಾಡೋದಕ್ಕೆ ಬಳಸುವ ಶೂರ್ ಎಸ್ಎಂ58 ಕೊಟ್ಟಳು. 1966ರಿಂದ ಬರುತ್ತಿರುವ ಸಾದಾ ಡೈನಾಮಿಕ್ ಮೈಕ್. ಅದು ಲೋ ಇಂಪೀಡೆನ್ಸ್, ನೇರವಾಗಿ ಮಿಕ್ಸರ್‌ಗೆ ಹೋಗುತ್ತದೆ. ಗಿಟಾರ್ ಆಂಪ್‌ಗೆ ಹಾಕೋದಾದರೆ ಮಧ್ಯೆ ಇಂಪೀಡೆನ್ಸ್ ಹೊಂದಿಸೋ ಒಂದು ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಬೇಕು. ಬೆರಳುದ್ದದ ಕೊಳವೆ ಅಷ್ಟೇ. ಅದನ್ನು ಸಿಕ್ಕಿಸಿ, ಮೈಕ್‌ನ ತಲೆಯನ್ನೂ ಹಾರ್ಮೋನಿಕಾವನ್ನೂ ಎರಡೂ ಅಂಗೈಯಲ್ಲಿ ಗಾಳಿ ಸೋರದ ಹಾಗೆ ಮುಚ್ಚಿ ನುಡಿಸಿದೆ. ಆರು ತಿಂಗಳಿಂದ ಹುಡುಕುತ್ತಿದ್ದ ದನಿಯ ಮುಕ್ಕಾಲು ಭಾಗ ಅಲ್ಲೇ ಇತ್ತು. ಕೈ ಸಡಿಲಿಸಿದರೆ ತೆಳು, ಬಿಗಿ ಮಾಡಿದರೆ ದಪ್ಪ. ಕಣ್ಣಲ್ಲಿ ನೀರು ಬಂತು. (ಎಸ್ಎಂ58 ಹೆಸರಲ್ಲಿ ನಕಲಿ ಮಾಲೂ ಜಾಸ್ತಿ ಓಡಾಡುತ್ತದೆ, ನಂಬಿಕೆ ಇರೋ ಕಡೆಯೇ ತೆಗೆದುಕೊಳ್ಳಿ.)

ಅಂಗೈ ಹೀಗೆ ಮುಚ್ಚಿದಾಗ ಇನ್ನೊಂದು ಆಗುತ್ತದೆ. ಎಸ್ಎಂ58ನಂಥ ಮೈಕ್ ಹೆಚ್ಚಾಗಿ ಮುಂದಿನ ಸದ್ದನ್ನೇ ಹಿಡಿಯೋದು ಜಾಲರಿಯ ಹಿಂಬದಿಯಿಂದಲೂ ಗಾಳಿ ಆಡುವುದರಿಂದ. ಕೈ ಅಲ್ಲಿ ಅಡ್ಡ ಬಂದರೆ ಆ ಗುಣ ಹೋಗಿ ಬೇಗ ಕೂಗುತ್ತದೆ. ಆಂಪ್‌ಗೆ ಎದುರಾಗಿ ನಿಲ್ಲಬೇಡಿ, ಟ್ರೆಬಲ್ ಇಳಿಸಿ. ಹೈ ಇಂಪೀಡೆನ್ಸ್ ಮೈಕ್ ಆದರೆ ಕೇಬಲ್ 6 ಮೀಟರ್ ದಾಟದಿರಲಿ. ಕೈ ಚಿಕ್ಕದಿದ್ದರೆ ಬುಲೆಟ್‌ನ ಗಾತ್ರವೇ ಕಷ್ಟ. ಕೊಳ್ಳೋ ಮುಂಚೆ ಯಾರದ್ದಾದರೂ ಇಸಿದುಕೊಂಡು ಹತ್ತು ನಿಮಿಷ ಹಿಡಿದು ನೋಡಿ.

ಆ ಹಸಿರು ಚಿಪ್ಪು ಇನ್ನೂ ನನ್ನ ಹತ್ತಿರ ಇದೆ. ಒಳಗೆ ಒಂದು ಚೀಟಿ ಮಡಚಿ ಇಟ್ಟಿದ್ದೇನೆ: "ಎಲಿಮೆಂಟ್ ಸತ್ತಿದೆ, ಕ್ರಿಸ್ಟಲ್." ನಾಳೆ ಇದು ಯಾರ ಕೈಗೆ ಹೋದರೂ ಬಿಚ್ಚಿದ ಕೂಡಲೇ ಅವರಿಗೆ ಗೊತ್ತಾಗಲಿ.