ಪಿಕಪ್‌ಗೆ ಹೊರಗಿನ ಸೈಲೆನ್ಸರ್: ಎರಿ ಮಣ್ಣಿನಲ್ಲಿ ಮೂರು ಮಳೆಗಾಲ ಕಳೆದ ಮೇಲೆ

ಬಿಎಸ್-4 (ಗಾಡಿ ಹೊಗೆಯ ಹಿಂದಿನ ಮಾನದಂಡ) ಬೊಲೆರೊ ಪಿಕಪ್‌ಗೆ ಮನೆಯಂಗಳದಲ್ಲೇ ಕೂಡಿಸಿದ 409 ದರ್ಜೆಯ ಸ್ಟೇನ್‌ಲೆಸ್ ಸೈಲೆನ್ಸರ್ ಕಿಟ್‌ನ ವಿಮರ್ಶೆ ಇದು. ಕಂಪನಿ ಮಾಲಲ್ಲ, ಹೊರಗಿನ ತಯಾರಿಕೆ. ಬದಲಾಯಿಸಿದ್ದು ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಭಾಗ) ಹಿಂದಿನ ಸೈಲೆನ್ಸರ್ ಡಬ್ಬಿ ಮತ್ತು ಟೇಲ್ ಪೈಪ್ ಮಾತ್ರ. ಟರ್ಬೋದಿಂದ ಕನ್ವರ್ಟರ್‌ವರೆಗಿನ ಭಾಗವನ್ನು ಮುಟ್ಟಿಲ್ಲ, ಯಾರೂ ಮುಟ್ಟಬಾರದು. ಬಳಕೆ ಮೂರು ಮಳೆಗಾಲ, ಹತ್ತಿರಹತ್ತಿರ 60 ಸಾವಿರ ಕಿ.ಮೀ. ಓಡಾಟ ಅಮರಗೋಳದ ಎಪಿಎಂಸಿ, ಅಣ್ಣಿಗೇರಿ–ಗದಗ ದಾರಿ, ನವಲಗುಂದದ ಎರಿ (ಕಪ್ಪು ಮಣ್ಣಿನ) ಹೊಲಗಳು, ಸೀಸನ್ನಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್.

ಡಬ್ಬಿ ಚಲೋ, ಪೈಪೂ ಚಲೋ. ಅವನ್ನು ಹಿಡಿದು ನಿಲ್ಲಿಸುವ ಸಾಮಾನು ಕಳಪೆ. ಕಿಟ್‌ನಲ್ಲಿ ಬರುವ ಎರಡು ಯು-ಕ್ಲಾಂಪ್, ಡಬ್ಬಿ-ಪೈಪು ನೇತುಹಾಕುವ ಮೂರು ಹ್ಯಾಂಗರ್ ರಬ್ಬರ್, ತೆಳು ಪ್ಯಾಕಿಂಗ್ ಇವನ್ನು ಮೊದಲ ದಿನವೇ ಬದಿಗಿಟ್ಟು ಬೇರೆ ತಂದು ಹಾಕಿ. ಅದಕ್ಕೆ ಆಗುವ ಖರ್ಚು ಸೈಲೆನ್ಸರ್ ಬೆಲೆಯ ಮುಂದೆ ಏನೂ ಅಲ್ಲ. ನಮ್ಮ ಕಡೆ ಸೈಲೆನ್ಸರ್ ಸಾಯುವುದು ಹೊಗೆಯಿಂದಲ್ಲ, ಮೆತ್ತಿಕೊಂಡ ಮಣ್ಣಿನಿಂದ ಮತ್ತು ಹರಿದ ರಬ್ಬರಿನಿಂದ.

ಮೊದಲು ಲೋಹದ ಮಾತು, ಏಕೆಂದರೆ ಅಂಗಡಿಯಲ್ಲಿ ಮೋಸವಾಗುವುದು ಇಲ್ಲೇ. 'ಎಸ್‌ಎಸ್' ಎಂದು ಮಾರುವುದೆಲ್ಲ ಒಂದೇ ಅಲ್ಲ. 409ರಲ್ಲಿ ಕ್ರೋಮಿಯಂ ಶೇ 11ರ ಆಸುಪಾಸು; 304ರಲ್ಲಿ ಶೇ 18 ಕ್ರೋಮಿಯಂ, ಶೇ 8 ನಿಕಲ್. ಗಾಡಿ ಕಂಪನಿಗಳು ಸೈಲೆನ್ಸರ್‌ಗೆ ಹೆಚ್ಚಾಗಿ ಬಳಸುವುದು 409ರ ಜಾತಿಯನ್ನೇ. ಹೊರಮೈ ಕಂದು ಬಣ್ಣಕ್ಕೆ ತಿರುಗುತ್ತದೆ, ಆದರೆ ಬೇಗ ತೂತು ಬೀಳುವುದಿಲ್ಲ. ಆ ಕಂದು ಕಲೆ ನೋಡಿ ಗಾಬರಿಯಾಗಿ ಬಣ್ಣ ಬಳಿಯಬೇಕಿಲ್ಲ. ಅಯಸ್ಕಾಂತ ಹಿಡಿದು ಪರೀಕ್ಷಿಸುವ ರೂಢಿ ಇದೆಯಲ್ಲ, ಅದು ಅರ್ಧ ಮಾತ್ರ ಸರಿ. 409ಕ್ಕೂ ಅಯಸ್ಕಾಂತ ಅಂಟುತ್ತದೆ, ಸಾದಾ ಕಬ್ಬಿಣಕ್ಕೂ ಅಂಟುತ್ತದೆ. ಹಾಗಾಗಿ ಅಂಟಿತೆಂದು ಮಾಲು ನಕಲಿ ಎನ್ನಲಾಗದು. 304ಕ್ಕೆ ಅಂಟುವುದಿಲ್ಲ, ಆದರೆ ಅಗ್ಗದ 200 ಸರಣಿಯ ಸ್ಟೀಲಿಗೂ ಅಂಟುವುದಿಲ್ಲ. ಗುಜರಿ ವ್ಯಾಪಾರಿಗಳ ಹತ್ತಿರ ಇರುವ ಕೆಮಿಕಲ್ ಹನಿಯಿಂದ ಈ ಎರಡರ ವ್ಯತ್ಯಾಸ ತಿಳಿಯುತ್ತದೆ. ಡಬ್ಬಿ ಕೈಗೆತ್ತಿಕೊಂಡು ಅಲ್ಲಾಡಿಸಿ. ಒಳಗೆ ಏನಾದರೂ ಕಟಕಟ ಎಂದರೆ ಬ್ಯಾಫಲ್ (ಶಬ್ದ ತಗ್ಗಿಸುವ ಒಳತಗಡು) ಬೆಸುಗೆ ಸರಿಯಿಲ್ಲ, ಅಲ್ಲೇ ವಾಪಸ್ ಕೊಡಿ.

ಅಳತೆಯನ್ನು ಗಾಡಿ ಹೆಸರು ಹೇಳಿ ತರಬೇಡಿ. ಹಳೆಯ ಪೈಪಿನ ಹೊರ ವ್ಯಾಸವನ್ನು ವರ್ನಿಯರ್‌ನಿಂದ ತುಕ್ಕು ಉಜ್ಜಿದ ಜಾಗದಲ್ಲಿ ಅಳೆಯಿರಿ. ಒಂದರೊಳಗೆ ಒಂದು ಕೂಡುವ ಜೋಡಣೆಯಲ್ಲಿ ಹೊರಗಿನ ಪೈಪಿನ ಒಳ ವ್ಯಾಸ ಅರ್ಧದಿಂದ ಒಂದು ಮಿ.ಮೀ.ನಷ್ಟು ಮಾತ್ರ ಹೆಚ್ಚಿರಬೇಕು. ಎರಡು ಮಿ.ಮೀ. ಸಡಿಲಿದ್ದರೆ ಎಷ್ಟೇ ಬಿಗಿದರೂ ಹೊಗೆ ಸೋರುತ್ತದೆ. ಒಳಗೆ ಹೋಗುವ ಉದ್ದ 40ರಿಂದ 50 ಮಿ.ಮೀ. ಇರಲಿ. ಇದೇ ಕಿಟ್‌ನಲ್ಲಿ ಟೇಲ್ ಪೈಪಿನ ಬಾಯಿ ಸ್ವಲ್ಪ ಅಂಡಾಕಾರವಾಗಿತ್ತು. ಒಳಗೆ ದಪ್ಪ ಪೈಪ್ ತುಂಡು ತೂರಿಸಿ ರಬ್ಬರ್ ಸುತ್ತಿಗೆಯಿಂದ ತಟ್ಟಿ ಗುಂಡಗೆ ಮಾಡಿಕೊಳ್ಳಬೇಕಾಯಿತು. ಇದು ತಯಾರಿಕೆಯ ದೋಷವೇ.

ಬಿಚ್ಚುವ ಕೆಲಸ ಹಿಂದಿನ ಸಂಜೆಯೇ ಶುರುವಾಗಲಿ. ಫ್ಲ್ಯಾಂಜ್ (ಎರಡು ಪೈಪು ಎದುರುಬದುರು ಕೂಡುವ ಬಿಲ್ಲೆ) ನಟ್‌ಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಎರಡು ಮೂರು ಸಲ ಹೊಡೆಯಿರಿ. ಎಂ8 ನಟ್‌ಗೆ ಸಾಮಾನ್ಯವಾಗಿ 13 ನಂಬರ್ ಪಾನಾ, ಎಂ10ಕ್ಕೆ 17. ಉಂಗುರ ಪಾನಾ ಅಥವಾ ಆರು ಮೂಲೆಯ ಸಾಕೆಟ್ ಬೇಕು. ಬಾಯಿ ಪಾನಾ ಹಾಕಿದರೆ ತುಕ್ಕು ಹಿಡಿದ ನಟ್ಟಿನ ಮೂಲೆ ಸವೆದು ಹೋಗುತ್ತದೆ. ಬಿಚ್ಚುವ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ದಿಕ್ಕಿಗೆ ತಿರುಗಿಸಿ, ತುಕ್ಕು ಟಕ್ ಎಂದು ಬಿಟ್ಟ ಮೇಲೆ ಸಡಿಲಿಸಿ. ನೇರ ಜೋರು ಹಾಕಿದರೆ ಸ್ಟಡ್ ಮುರಿಯುತ್ತದೆ; ಮುರಿದ ಸ್ಟಡ್ಡಿಗೆ ಡ್ರಿಲ್ ಹಾಕಿ ತೆಗೆಯುವಷ್ಟರಲ್ಲಿ ಇಡೀ ದಿನದ ಕೆಲಸ ನಿಲ್ಲುತ್ತದೆ. ಡೀಸೆಲ್ ಪೈಪಿನ ಹತ್ತಿರ ಗ್ಯಾಸ್ ಉರಿ ಹಿಡಿಯುವುದಂತೂ ಬೇಡವೇ ಬೇಡ.

ಗಾಡಿ ಎತ್ತುವುದಾದರೆ ಫರಸಿ ಅಥವಾ ಕಾಂಕ್ರೀಟ್ ನೆಲದ ಮೇಲೆ, ಮುಂದಿನ ಗಾಲಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಟ್ಟು, ಚಾಸಿ ಕೆಳಗೆ ಜಾಕ್ ಸ್ಟ್ಯಾಂಡ್ ಇಡಿ. ಇಟ್ಟಂಗಿ, ಸಿಮೆಂಟ್ ಬ್ಲಾಕು ಪುಡಿಯಾಗುತ್ತವೆ, ಅದೂ ಮುನ್ಸೂಚನೆ ಇಲ್ಲದೆ. ಬರಿ ಜಾಕಿಯ ಮೇಲೆ ನಿಂತ ಗಾಡಿ ಕೆಳಗೆ ಯಾರೂ ಮಲಗಬಾರದು. ಎರಿ ನೆಲದ ಅಂಗಳವಾಗಿದ್ದರೆ ಬೇಸಿಗೆಯಲ್ಲಿ ಕೂಡ ಸ್ಟ್ಯಾಂಡಿನ ಕೆಳಗೆ ಅಗಲವಾದ ದಪ್ಪ ಹಲಗೆ ಬೇಕು, ಆ ಮಣ್ಣು ಬಿರುಕು ಬಿಟ್ಟು ಒಂದು ಮೂಲೆ ಕುಸಿಯುತ್ತದೆ. ಪಿಕಪ್ ನೆಲದಿಂದ ಎತ್ತರ ಇರುವುದರಿಂದ ನಾಲ್ಕೂ ಗಾಲಿ ನೆಲದ ಮೇಲಿಟ್ಟೇ ಈ ಕೆಲಸ ಮಾಡಲು ಸಾಧ್ಯ. ಸಾಧ್ಯವಿದ್ದರೆ ಹಾಗೇ ಮಾಡಿ.

ಮೊದಲು ಫ್ಲ್ಯಾಂಜ್ ನಟ್ ಸಡಿಲಿಸಿ. ಭಾರ ಇನ್ನೂ ಹ್ಯಾಂಗರ್ ಮೇಲಿರುತ್ತದೆ. ಡಬ್ಬಿಯ ಕೆಳಗೆ ಕಟ್ಟಿಗೆ ಕೊಟ್ಟು ಆಮೇಲೆ ರಬ್ಬರ್ ಕಳಚಿ. ರಬ್ಬರ್ ಜಾರದಿದ್ದರೆ ಸಾಬೂನು ನೀರು ಹಚ್ಚಿ. ಎಣ್ಣೆ, ಡೀಸೆಲ್ ಹಚ್ಚಿದರೆ ಹ್ಯಾಂಗರ್ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ; ಹೊಸ ರಬ್ಬರ್ ಆರು ತಿಂಗಳಿಗೆ ಹರಿಯುವುದಕ್ಕೆ ಇದೊಂದೇ ತಪ್ಪು ಸಾಕು.

ಕೂಡಿಸುವಾಗ ಎಲ್ಲವನ್ನೂ ಮೊದಲು ಸಡಿಲಾಗಿ ನೇತುಹಾಕಿ. ಫ್ಲ್ಯಾಂಜ್‌ಗೆ ಹೊಸ ಪ್ಯಾಕಿಂಗ್, ಹೊಸ ನಟ್. ಹಳೆಯ ಪ್ಯಾಕಿಂಗ್ ಒಮ್ಮೆ ಅದುಮಿದ ಮೇಲೆ ಮತ್ತೆ ಕೂಡುವುದಿಲ್ಲ. ಸಿಲಿಕೋನ್ ಪೇಸ್ಟ್ ಹಚ್ಚಿ ಸರಿಮಾಡುವ ಅಭ್ಯಾಸ ಬಿಡಿ, ಆ ಶಾಖಕ್ಕೆ ಅದು ಸುಟ್ಟು ಉದುರುತ್ತದೆ. ನಟ್ಟಿನ ಎಳೆಗೆ ತಾಮ್ರದ ಗ್ರೀಸ್ ಸವರಿ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ ಗ್ರೀಸ್ ಇಲ್ಲದೆ ಬಿಗಿದರೆ ಎಳೆ ಕಚ್ಚಿಕೊಂಡು ಮುಂದೆ ಗ್ರೈಂಡರ್ ಹಿಡಿದೇ ಕತ್ತರಿಸಬೇಕಾಗುತ್ತದೆ. ಎಂ8ಕ್ಕೆ 20 ನ್ಯೂಟನ್ ಮೀಟರ್, ಎಂ10ಕ್ಕೆ 35ರಿಂದ 40 ಸಾಕು. ಬಿಗಿಯುವ ಕ್ರಮ ಮುಂದಿನಿಂದ ಹಿಂದಕ್ಕೆ.

ಯು-ಕ್ಲಾಂಪ್ ಬದಲು ಅಗಲ ಪಟ್ಟಿಯ ಸ್ಟೇನ್‌ಲೆಸ್ ಕ್ಲಾಂಪ್ ಹಾಕಿ. ಯು-ಕ್ಲಾಂಪ್ ಪೈಪನ್ನು ಕಚ್ಚಿ ಒಳಕ್ಕೆ ಅದುಮುತ್ತದೆ, ಮುಂದಿನ ಸಲ ಪೈಪು ಬೇರ್ಪಡುವುದೇ ಇಲ್ಲ. ಇನ್ನೊಂದು ತೊಂದರೆ: ದೊಡ್ಡ ಸ್ಟೇನ್‌ಲೆಸ್ ಮೈಗೆ ಅಂಟಿದ ಸಣ್ಣ ಸಾದಾ ಕಬ್ಬಿಣದ ಕ್ಲಾಂಪು ಒದ್ದೆಯಲ್ಲಿ ಇನ್ನೂ ಬೇಗ ತುಕ್ಕು ತಿನ್ನುತ್ತದೆ. ಕಿಟ್‌ನ ಕ್ಲಾಂಪನ್ನು ಪ್ರಯೋಗಕ್ಕೆಂದು ಹಿಂದಿನ ಜೋಡಣೆಯಲ್ಲಿ ಉಳಿಸಿದ್ದಕ್ಕೆ ಅದು ಎರಡನೇ ಮಳೆಗಾಲ ದಾಟಲಿಲ್ಲ.

ಇನ್ನು ಎಲ್ಲರೂ ತಪ್ಪುವ ಜಾಗ. ಖಾಲಿ ಗಾಡಿಯಲ್ಲಿ ಟೇಲ್ ಪೈಪ್ ಮತ್ತು ಹಿಂದಿನ ಆಕ್ಸಲ್ ನಡುವೆ ಅಂತರ ಚೆನ್ನಾಗಿಯೇ ಕಾಣುತ್ತದೆ. ಗೊಬ್ಬರದ ಚೀಲ ಹೇರಿದ ಮೇಲೆ ಪಾಟಾ (ಪಟ್ಟಿ ಸ್ಪ್ರಿಂಗು) ಅದುಮಿ ಆಕ್ಸಲ್ ಮೇಲಕ್ಕೆ ಬರುತ್ತದೆ. ಪೈಪ್ ಆಕ್ಸಲ್ ಮೇಲಿಂದ ಹಾಯುವ ಗಾಡಿಯಾದರೆ ಬಂಪ್ ರಬ್ಬರಿಗೂ ಆಕ್ಸಲ್‌ಗೂ ಇರುವ ಅಂತರವನ್ನು ಅಳೆಯಿರಿ. ಪೈಪಿಗೂ ಆಕ್ಸಲ್‌ಗೂ ಅದಕ್ಕಿಂತ ಕನಿಷ್ಠ 25 ಮಿ.ಮೀ. ಹೆಚ್ಚು ಬೇಕು. ಇಲ್ಲದಿದ್ದರೆ ತುಂಬಿದ ಗಾಡಿ ಮೊದಲ ರೋಡ್ ಹಂಪಿನಲ್ಲೇ ಪೈಪಿಗೆ ಗುದ್ದುತ್ತದೆ. ಪೆಟ್ಟು ಬೀಳುವುದು ಪೈಪಿಗೆ, ಸೀಳುವುದು ಡಬ್ಬಿಯ ಬೆಸುಗೆ. ಬ್ರೇಕ್ ಪೈಪ್, ಹ್ಯಾಂಡ್ ಬ್ರೇಕ್ ವೈರು, ವೈರಿಂಗ್ ಇವುಗಳಿಂದಲೂ ಒಂದು ಇಂಚಿಗೆ ಕಡಿಮೆ ಬೇಡ. ಇಂಧನ ಪೈಪಿನಿಂದ ಕನಿಷ್ಠ 35 ಮಿ.ಮೀ. ದೂರ ಎಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ (1989) 113ನೇ ನಿಯಮದಲ್ಲೇ ಇದೆ.

ಕಾದ ಪೈಪು ಉದ್ದವಾಗುತ್ತದೆ. ಒಂದೂವರೆ ಮೀಟರ್ 409 ಪೈಪು 300 ಡಿಗ್ರಿ ಹೆಚ್ಚು ಕಾದರೆ ಸುಮಾರು 5 ಮಿ.ಮೀ. ಬೆಳೆಯುತ್ತದೆ, 304 ಆದರೆ ಏಳೂವರೆ. ಆದ್ದರಿಂದ ತಣ್ಣಗಿದ್ದಾಗ ಹ್ಯಾಂಗರ್ ರಬ್ಬರ್ ಮುಂದಕ್ಕೆ ಮೂರ್ನಾಲ್ಕು ಮಿ.ಮೀ. ವಾಲಿರಲಿ, ಕಾದಾಗ ನೆಟ್ಟಗಾಗುತ್ತದೆ. ರಬ್ಬರ್ ಬದಲು ತಂತಿ ಬಿಗಿದರೆ ಅಥವಾ ಡಬ್ಬಿಯನ್ನು ಚಾಸಿಗೇ ಬೆಸೆದರೆ ಈ ಬೆಳವಣಿಗೆಗೆ ಜಾಗವಿಲ್ಲದೆ ಬೆಸುಗೆ ಬಿರಿಯುತ್ತದೆ. ಹಳ್ಳಿ ಗಾಡಿಗಳಲ್ಲಿ ಇದನ್ನು ದಿನಾಲೂ ನೋಡುತ್ತೇವೆ, ನೋಡಿ ಬೇಸರವಾಗುತ್ತದೆ. ಬೆಸುಗೆ ಮಾಡಿಸಲೇಬೇಕಾದರೆ 309ಎಲ್ ಕಡ್ಡಿ ಕೇಳಿ ಹಾಕಿಸಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ವೆಲ್ಡಿಂಗಿನ ಅರ್ತ್ ಕ್ಲಿಪ್ಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿ. ಎಂಜಿನ್ ಕಂಪ್ಯೂಟರ್ ಸುಡುವುದು ಇಲ್ಲಿ ತಪ್ಪಿದರೆ.

ಸೋರಿಕೆ ನೋಡಲು ತಣ್ಣನೆಯ ಎಂಜಿನ್ ಚಾಲೂ ಮಾಡಿ, ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ, ಇನ್ನೊಬ್ಬರು ದಪ್ಪ ಒದ್ದೆ ಬಟ್ಟೆಯಿಂದ ಟೇಲ್ ಪೈಪ್ ಬಾಯಿ ಅರೆಗಳಿಗೆ ಅರ್ಧ ಮುಚ್ಚಲಿ. ಗುಳ್ಳೆ ಬಂದಲ್ಲಿ ಸೋರಿಕೆ. 100–150 ಕಿ.ಮೀ. ಓಡಿದ ಮೇಲೆ ತಣ್ಣಗಾಗಲು ಬಿಟ್ಟು ಎಲ್ಲ ನಟ್ ಮತ್ತೊಮ್ಮೆ ಬಿಗಿಯಿರಿ. ಆ ಹೊತ್ತಿಗೆ ಜೋಡಣೆಯ ಸುತ್ತ ಕರಿ ಮಸಿಯ ಗೆರೆ ಕಂಡರೆ ಅಲ್ಲಿ ಹೊಗೆ ಹೊರಬರುತ್ತಿದೆ. ಟರ್ಬೋ ನಂತರದ ಸೋರಿಕೆಯಿಂದ ಎಳೆತ ಕಡಿಮೆಯಾಗುವುದಿಲ್ಲ, ಅದಕ್ಕೇ ಡ್ರೈವರಿಗೆ ಗೊತ್ತಾಗುವುದಿಲ್ಲ. ಆದರೆ ಹೊಗೆ ಕ್ಯಾಬಿನ್ನಿಗೆ ಬರುತ್ತದೆ.

ಮಣ್ಣಿನ ವಿಷಯಕ್ಕೆ ಬರೋಣ. ಒಂದು ಲೀಟರ್ ಡೀಸೆಲ್ ಸುಟ್ಟರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊಗೆಯ ಜೊತೆ ಬರುತ್ತದೆ. ಸಣ್ಣ ಸಣ್ಣ ಓಡಾಟದಲ್ಲಿ ಡಬ್ಬಿ ಪೂರ್ತಿ ಕಾಯದೆ ಆ ನೀರು ಒಳಗೇ ನಿಲ್ಲುತ್ತದೆ. ಡಬ್ಬಿಯ ತೀರ ಕೆಳಗಿನ ಜಾಗದಲ್ಲಿ 3 ಮಿ.ಮೀ. ತೂತು ಇರುವುದು ಅದಕ್ಕೇ. ಇದನ್ನು ದೋಷವೆಂದು ತಿಳಿದು ಎಂ-ಸೀಲ್ ಹಚ್ಚಿ ಮುಚ್ಚುವವರಿದ್ದಾರೆ, ಮುಚ್ಚಬೇಡಿ. ಮೊದಲು ಡೀಸೆಲ್ಲಿನ ಗಂಧಕವೂ ಈ ನೀರಿನೊಡನೆ ಸೇರಿ ಆಮ್ಲವಾಗಿ ಒಳಗಿನಿಂದ ತಿನ್ನುತ್ತಿತ್ತು. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಿಎಸ್-6 ಡೀಸೆಲ್, ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿದಿದೆ. ಈಗ ಹಾನಿ ಹೊರಗಿನಿಂದಲೇ ಹೆಚ್ಚು. ಎರಿ ಮಣ್ಣು ನೀರು ಕುಡಿದು ಡಬ್ಬಿಯ ತಲೆಯ ಮೇಲೆ, ಹ್ಯಾಂಗರಿನ ಮೂಲೆಯಲ್ಲಿ ಕಣಕದ ಹಾಗೆ ಮೆತ್ತಿಕೊಳ್ಳುತ್ತದೆ. ಸ್ಟೇನ್‌ಲೆಸ್ ತನ್ನ ಮೇಲ್ಪದರ ಉಳಿಸಿಕೊಳ್ಳಲು ಗಾಳಿ ಬೇಕು; ಒದ್ದೆ ಮಣ್ಣಿನ ಕೆಳಗೆ ಗಾಳಿ ಸಿಗದೆ ಸೂಜಿಮೊನೆಯ ತೂತುಗಳು ಬೀಳುತ್ತವೆ. ಧಾರವಾಡ–ಕಲಘಟಗಿ ಕಡೆಯ ಮಸಾರಿ (ಕೆಂಪು) ಮಣ್ಣು ಇಷ್ಟು ಅಂಟುವುದಿಲ್ಲ, ಅಲ್ಲಿ ಓಡುವ ಗಾಡಿಗೆ ಈ ಕಾಟ ಕಡಿಮೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಡಬ್ಬಿಯ ಮೇಲ್ಭಾಗಕ್ಕೆ ನೀರು ಹೊಡೆದು ತೊಳೆಯಿರಿ, ಗಾಡಿ ನಿಂತು ಅರ್ಧ ತಾಸು ಆದ ಮೇಲೆ. ಕಾದ ಡಬ್ಬಿಗೆ ತಣ್ಣೀರು ಹೊಡೆದರೆ ಬೆಸುಗೆ ಬಿರಿಯಬಹುದು.

ಅದಕ್ಕಿಂತ ದೊಡ್ಡ ಮಾತು ಬೆಂಕಿ. ಸುಗ್ಗಿಯಲ್ಲಿ ರಸ್ತೆ ಮೇಲೆ ಹುರಳಿ, ಕಡಲೆ ಹರವಿರುತ್ತಾರೆ. ಆ ಬಳ್ಳಿ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿ, ಸೈಲೆನ್ಸರ್ ಮೇಲೆ ಕೂತು ಹೊತ್ತಿಕೊಳ್ಳುತ್ತದೆ. ಕಣ ದಾಟಿದ ಮೇಲೆ ಗಾಡಿ ನಿಲ್ಲಿಸಿ ಬಗ್ಗಿ ನೋಡಲೇಬೇಕು. ಹತ್ತಿ, ಕಣಕಿ, ಶೇಂಗಾ ಹೊಟ್ಟು ಹೇರುವ ಗಾಡಿಗೆ ಡಬ್ಬಿಯ ಮೇಲೆ ತಗಡಿನ ಶಾಖತಡೆ ಬೇಕು. ಸರಕು ಗಾಡಿಯ ಹೊಗೆ ಪೈಪಿನ ಮೇಲೆ ಹೊತ್ತಿಕೊಳ್ಳುವ ವಸ್ತು ಬೀಳದಂತೆ ಮರೆ ಇರಬೇಕೆಂದು 114ನೇ ನಿಯಮವೂ ಹೇಳುತ್ತದೆ. ಈ ಕಿಟ್‌ನಲ್ಲಿ ಶಾಖತಡೆ ಬರುವುದಿಲ್ಲ, ಹಳೆಯದನ್ನು ಬಿಚ್ಚಿ ಹೊಸದಕ್ಕೆ ಕೂಡಿಸಬೇಕು. ನನ್ನ ಲೆಕ್ಕದಲ್ಲಿ ಇದೇ ಕಿಟ್‌ನ ಅತಿ ದೊಡ್ಡ ಕೊರತೆ. ಬಿಎಸ್-6 ಗಾಡಿಯವರು ಇನ್ನೂ ಎಚ್ಚರವಾಗಿರಬೇಕು: ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನ ಮಸಿ ತಾನೇ ಸುಡುವಾಗ ಒಳಗಿನ ಶಾಖ 550–600 ಡಿಗ್ರಿ ತಲುಪುತ್ತದೆ. ಅಲ್ಲಿನ ಸೆನ್ಸರ್‌ಗಳಿಗೂ ಕೈ ಹಾಕಬಾರದು.

ಶಬ್ದ, ಎಳೆತ, ಮೈಲೇಜ್ ಮೂರರಲ್ಲೂ ಕಂಪನಿ ಸೈಲೆನ್ಸರಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಇರಬಾರದು ಕೂಡ. 'ಪವರ್ ಬರುತ್ತದೆ' ಎಂದು ಬ್ಯಾಫಲ್ ಇಲ್ಲದ ಖಾಲಿ ಡಬ್ಬಿ ಮಾರುವವರನ್ನು ನಂಬಬೇಡಿ. ನಾಲ್ಕು ಸಿಲಿಂಡರ್ ಎಂಜಿನ್ 1800 ಆರ್‌ಪಿಎಂನಲ್ಲಿ ಸೆಕೆಂಡಿಗೆ 60 ಸಲ ಹೊಗೆ ತಳ್ಳುತ್ತದೆ. ಆ ಗುಂಯ್‌ಗುಡುವಿಕೆ ನೇರ ಕ್ಯಾಬಿನ್ನಿಗೆ ಬರುತ್ತದೆ, ಹುಬ್ಬಳ್ಳಿಯಿಂದ ಹಾವೇರಿ ಮುಟ್ಟುವಷ್ಟರಲ್ಲಿ ತಲೆ ಸಿಡಿಯುತ್ತದೆ. ಸೈಲೆನ್ಸರ್ ಕಡ್ಡಾಯ ಎನ್ನುತ್ತದೆ 120ನೇ ನಿಯಮ. ಶಬ್ದದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ, 2019ರ ತಿದ್ದುಪಡಿಯ ನಂತರ, 10,000 ರೂಪಾಯಿವರೆಗೆ ದಂಡವಿದೆ. ಟೇಲ್ ಪೈಪಿನ ಬಾಯಿ ಕೆಳಕ್ಕೂ ಎಡಕ್ಕೂ ತಿರುಗಿರಬಾರದು, ಅದು 112ನೇ ನಿಯಮ. ಎಮಿಷನ್ ಟೆಸ್ಟಿಗೆ ಹೊಸ ಸೈಲೆನ್ಸರ್ ಮದ್ದಲ್ಲ: ಬಿಎಸ್-4 ಡೀಸೆಲ್ ಗಾಡಿಯ ಹೊಗೆ ಮಿತಿ 50 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ), ಅದಕ್ಕಿಂತ ಹಳೆಯವಕ್ಕೆ 65. ಕರಿ ಹೊಗೆಗೆ ಕಾರಣ ಇಂಜೆಕ್ಟರ್, ಏರ್ ಫಿಲ್ಟರ್, ಇಜಿಆರ್ (ಸ್ವಲ್ಪ ಹೊಗೆಯನ್ನು ಮರಳಿ ಎಂಜಿನ್ನಿಗೆ ಬಿಡುವ ವಾಲ್ವ್) ಇವುಗಳಲ್ಲಿ ಹುಡುಕಬೇಕು.

ಮೂರು ಮಳೆಗಾಲದ ನಂತರ ಇರುವ ಸ್ಥಿತಿ: ಡಬ್ಬಿಯ ಮೈ ಕಂದು, ತೂತಿಲ್ಲ. ಮೇಲ್ಗಡೆ ಮಣ್ಣು ನಿಲ್ಲುತ್ತಿದ್ದ ಹ್ಯಾಂಗರ್ ಬುಡದಲ್ಲಿ ನಾಲ್ಕೈದು ಸಣ್ಣ ಗುಳಿ. ಪಟ್ಟಿ ಕ್ಲಾಂಪ್ ಹಾಕಿದಂತೆಯೇ ಇದೆ. ಹೊರಗಿನಿಂದ ತಂದ ರಬ್ಬರ್‌ಗಳಲ್ಲಿ ನಡುವಿನದು ಒಮ್ಮೆ ಬದಲಾಗಿದೆ. ಬೆಸುಗೆ ಬಿಟ್ಟಿಲ್ಲ, ಒಳಗೆ ಸದ್ದಿಲ್ಲ. ಖಾಯಂ ಎರಿ ಹೊಲಕ್ಕೆ ಇಳಿಯುವ ಗಾಡಿಗೆ ಇದನ್ನು ಕೊಳ್ಳಬಹುದು, ಕ್ಲಾಂಪು, ರಬ್ಬರ್, ಶಾಖತಡೆಯ ಖರ್ಚು ಸೇರಿಸಿ ಲೆಕ್ಕ ಹಾಕಿ. ವಾರಂಟಿ ಇನ್ನೂ ಉಳಿದಿರುವ ಗಾಡಿಯಾದರೆ ಕಂಪನಿ ಮಾಲನ್ನೇ ಹಾಕಿಸಿ.