ಸೈಕಲ್ ತುಂಬೋಕೆ ಹಳೇ ಫ್ಯಾಮಿಲಿ ಕಾರು: ನೋಡಿದ್ದು, ಬಿಟ್ಟಿದ್ದು, ತಗೊಂಡಿದ್ದು

ಸೈಕಲ್ ಒಯ್ಯೋಕೆ ಅಂತ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದರೆ, ಡಿಕ್ಕಿ ಎಷ್ಟು ಲೀಟರ್ ಅನ್ನೋ ಪ್ರಶ್ನೆಯನ್ನು ಮೊದಲು ಬಿಟ್ಟುಬಿಡಿ. ಆ ಲೆಕ್ಕ ಸೂಟ್‌ಕೇಸಿಗೆ ಸರಿ. ಸೈಕಲ್ಲಿಗೆ ಕೇಳಬೇಕಾದ್ದು ಬೇರೆ. ಹಿಂದಿನ ಸೀಟು ಮಡಚಿದರೆ ಅದು ಎಲ್ಲಿಗೆ ಹೋಗುತ್ತದೆ? ಇದ್ದಲ್ಲೇ ಮಲಗುತ್ತದಾ, ಪಕ್ಕಕ್ಕೆ ನೇತಾಡುತ್ತದಾ, ಮುಂದಕ್ಕೆ ಎದ್ದು ನಿಲ್ಲುತ್ತದಾ, ಇಲ್ಲ ಕಳಚಿ ಮನೆಯಲ್ಲೇ ಇಟ್ಟು ಬರಬಹುದಾ? ಇದೊಂದು ಪ್ರಶ್ನೆ ಇಟ್ಟುಕೊಂಡು ಹೋದರೆ ಅರ್ಧ ಪಟ್ಟಿ ತಾನಾಗೇ ಹಾರಿಹೋಗುತ್ತದೆ. ನಾವು ಕೊನೆಗೆ ತಗೊಂಡಿದ್ದು 2020ರ ರೆನೋ ಟ್ರೈಬರ್, ಮ್ಯಾನುಯಲ್ ಗೇರು. ಯಾಕೆ ಅಂತ ಹೇಳ್ತೀನಿ, ಬೈಗುಳವೂ ಇದೆ.

ಮನೆಯಲ್ಲಿ ನಾಲ್ಕು ಜನ. ನಮ್ಮನೆಯವರದ್ದು 29 ಇಂಚು ಚಕ್ರದ ಎಂಟಿಬಿ (ದಪ್ಪ ಟೈರಿನ ಮೌಂಟನ್ ಸೈಕಲ್ಲು), ನನ್ನದು ರೋಡ್ ಬೈಕು (ತೆಳು ಟೈರಿನ ಸೈಕಲ್ಲು), ಚಿಕ್ಕವಳದ್ದು 20 ಇಂಚು ಚಕ್ರದ್ದು. ದೊಡ್ಡವನಿಗೆ ಸದ್ಯಕ್ಕೆ ಫೋನೇ ಸೈಕಲ್ಲು. ಇರೋದು ಬೆಂಗಳೂರಿನ ಜೆ.ಪಿ. ನಗರದಲ್ಲಿ, ಹಾಗಾಗಿ ಹತ್ತಿರದ ತುರಹಳ್ಳಿ ಕಾಡಿಗೆ ಕಾರು ಬೇಡ, ಮನೆಯಿಂದಲೇ ತುಳಿಯಬಹುದು. ಆದರೆ ನಂದಿ ಬೆಟ್ಟ, ಅವಲಹಳ್ಳಿ, ಹೆಸರಘಟ್ಟ ಎಲ್ಲ ಊರಿನ ಆಚೆ ತುದಿ. ನಂದಿಗೆ ಮಕ್ಕಳನ್ನು ಕಟ್ಟಿಕೊಂಡು ಅರವತ್ತು ಚಿಲ್ಲರೆ ಕಿಲೋಮೀಟರ್ ಹೆಬ್ಬಾಳದ ಟ್ರಾಫಿಕ್ ದಾಟಿ ತುಳಿಯೋದು ಆಗದ ಮಾತು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲೂ 2023ರ ಆಗಸ್ಟ್‌ನಿಂದ ಬೈಕು, ಆಟೋ, ಸೈಕಲ್ಲಿಗೆ ಮುಖ್ಯ ದಾರಿ ಬಂದ್, ಸರ್ವೀಸ್ ರಸ್ತೆಯೇ ಗತಿ. ಸೈಕಲ್ಲನ್ನು ಕಾರಲ್ಲಿ ಹಾಕಿಕೊಂಡು ಹೋಗಿ, ಊರು ದಾಟಿದ ಮೇಲೆ ಇಳಿಸಿ ತುಳಿಯೋದೇ ನೆಮ್ಮದಿ.

ರ‍್ಯಾಕ್ ಹಾಕಿಸಿದರೆ ಯಾವ ಕಾರಾದರೂ ಆಗುತ್ತಲ್ಲ ಅಂತ ಕೇಳ್ತೀರಿ. ಆಗುತ್ತೆ, ಆದರೆ ಬೆಂಗಳೂರಲ್ಲಿ ನನಗೆ ಅದು ಒಗ್ಗಲಿಲ್ಲ. ಡಿಕ್ಕಿ ಬಾಗಿಲಿಗೆ ಬೆಲ್ಟ್‌ನಲ್ಲಿ ಕಟ್ಟುವ ರ‍್ಯಾಕ್‌ನ ಕೊಕ್ಕೆಗಳು ಬಾಗಿಲಿನ ಅಂಚಿನ ತಗಡನ್ನು ಹಿಡಿಯಬೇಕು. ಈಗಿನ ಕಾರುಗಳಲ್ಲಿ ಆ ಜಾಗದಲ್ಲಿ ಪ್ಲಾಸ್ಟಿಕ್ ಸ್ಪಾಯ್ಲರ್ ಇರುತ್ತದೆ, ಅದರ ಮೇಲೆ ಭಾರ ಬಿದ್ದರೆ ಬಿರುಕು ಗ್ಯಾರಂಟಿ. ಪ್ರತಿ ರೋಡ್ ಹಂಪ್‌ಗೂ ಬೆಲ್ಟು ಒಂದಿಷ್ಟು ಸಡಿಲ ಆಗುತ್ತೆ, ನಮ್ಮ ರಸ್ತೆಗಳಲ್ಲಿ ಹಂಪ್‌ಗೇನು ಬರವಾ? ಸಿಗ್ನಲ್ಲಲ್ಲಿ ಸ್ಕೂಟರಿನವರು ಮೂಗು ತೂರಿಸುವುದು ಸೀದಾ ನಿಮ್ಮ ಚಕ್ರದ ಕಡ್ಡಿಗಳಿಗೆ. ಜೊತೆಗೆ ಹಿಂದಿನ ನಂಬರ್ ಪ್ಲೇಟು, ಲೈಟು ಮುಚ್ಚಬಾರದು ಅನ್ನೋ ನಿಯಮ ಬೇರೆ. ಎರಡು ಸೈಕಲ್ ನೇತುಹಾಕಿದರೆ ಇವೆರಡೂ ಮುಚ್ಚದೆ ಇರೋದು ಕಷ್ಟ. ಇಕೋಸ್ಪೋರ್ಟ್, ಬೊಲೆರೊ ಥರ ಬಾಗಿಲ ಮೇಲೇ ಸ್ಟೆಪ್ನಿ ಇರುವ ಗಾಡಿಗಳಿಗೆ ಈ ಮಾಮೂಲಿ ರ‍್ಯಾಕು ಕೂರುವುದೂ ಇಲ್ಲ.

ಟಾಪ್ ಮೇಲೆ ಹಾಕೋದು ಇನ್ನೊಂದು ದಾರಿ. ಎರ್ಟಿಗಾ ಎತ್ತರ 1.69 ಮೀಟರ್, ಅದರ ಮೇಲೆ ಸೈಕಲ್ ನಿಂತರೆ ಒಟ್ಟು 2.8 ಮೀಟರ್ ಹತ್ತಿರ ಆಯ್ತು. ಸುಸ್ತಾಗಿ ಬಂದು ಅಭ್ಯಾಸಬಲದಲ್ಲಿ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಇಳಿಸಿದಿರೋ, ಮುಗೀತು. ನಮ್ಮ ಬಿಲ್ಡಿಂಗಿನಲ್ಲೇ ಒಬ್ಬರ ಕಾರ್ಬನ್ ಫ್ರೇಮು ಹಾಗೆ ಹೋಯ್ತು, ಪಾಪ.

ಹಾಗಾಗಿ ಸೈಕಲ್ ಒಳಗೇ ಇರಬೇಕು ಅಂತ ತೀರ್ಮಾನ ಆಯ್ತು. ಇನ್ನು ಅಳತೆ. ಪೂರ್ತಿ ಸೈಕಲ್ಲು 1.7ರಿಂದ 1.9 ಮೀಟರ್ ಉದ್ದ. ಮುಂದಿನ ಚಕ್ರ ಬಿಚ್ಚಿದರೆ ಎಂಟಿಬಿ ಸುಮಾರು ಒಂದೂವರೆ ಮೀಟರಿಗೆ ಇಳಿಯುತ್ತೆ, ರೋಡ್ ಬೈಕು ಇನ್ನೂ ಕಡಿಮೆ. ಸತಾಯಿಸೋದು ಉದ್ದ ಅಲ್ಲ, ಹ್ಯಾಂಡಲ್ಲು. ಎಂಟಿಬಿ ಹ್ಯಾಂಡಲ್ 70ರಿಂದ 78 ಸೆಂಟಿಮೀಟರ್ ಅಗಲ, ರೋಡ್ ಬೈಕಿನದು 40ರಿಂದ 44. ಹಾಗೇ ಡಿಕ್ಕಿ ಒಳಗೆ ಎಷ್ಟೇ ಜಾಗ ಇದ್ದರೂ ಬಾಗಿಲಿನ ಬಾಯಿ ಚಿಕ್ಕದಾದರೆ ಏನೂ ಪ್ರಯೋಜನ ಇಲ್ಲ. ಸೆಡಾನ್‌ಗಳು ಇಲ್ಲೇ ಔಟ್. ಸ್ಕೋಡಾ ಆಕ್ಟೇವಿಯಾ ಮಾತ್ರ ಬೇರೆ, ನೋಡೋಕೆ ಸೆಡಾನ್, ಆದರೆ ಹಿಂದಿನ ಗಾಜಿನ ಸಮೇತ ಬಾಗಿಲು ಮೇಲೆದ್ದು ದೊಡ್ಡ ಬಾಯಿ ಬಿಡುತ್ತೆ. ಹಳೇದರ ರಿಪೇರಿ ಖರ್ಚು ನೆನೆಸಿಕೊಂಡು ಅದನ್ನು ಬಿಟ್ಟೆವು.

ಈಗ ಆ ಸೀಟಿನ ಪ್ರಶ್ನೆಗೆ ಬರೋಣ.

ಇನ್ನೋವಾ, ಕ್ರಿಸ್ಟಾ ಎರಡರಲ್ಲೂ ಮೂರನೇ ಸಾಲಿನ ಸೀಟುಗಳು ಎಡಕ್ಕೊಂದು ಬಲಕ್ಕೊಂದು ಎದ್ದು ಪಕ್ಕದ ಗೋಡೆಗೆ ಅಂಟಿ ನಿಲ್ಲುತ್ತವೆ. ನೆಲ ಪೂರ್ತಿ ಖಾಲಿ, ಎತ್ತರ ಭರ್ಜರಿ. ಆದರೆ ಸೀಟುಗಳು ಎರಡೂ ಕಡೆಯಿಂದ ಅಗಲ ತಿನ್ನುತ್ತವೆ, ಅದೂ ಸರಿಯಾಗಿ ಹ್ಯಾಂಡಲ್ ಬರುವ ಎತ್ತರದಲ್ಲೇ. ರೋಡ್ ಬೈಕಿಗೆ ಅಡ್ಡಿಯಿಲ್ಲ, ಎಂಟಿಬಿಗೆ ಹ್ಯಾಂಡಲ್ ತಿರುಗಿಸಲೇಬೇಕು. ಗಾಡಿ ಬಗ್ಗೆ ಒಂದು ಕೊಂಕು ಮಾತು ಇಲ್ಲ, ಎಂಜಿನ್ನು ಬಂಡೆ. ಆದರೆ ಅದು ಎಲ್ಲರಿಗೂ ಗೊತ್ತು, ಅದಕ್ಕೇ ಹತ್ತು ವರ್ಷ ಓಡಿದ್ದಕ್ಕೂ ಹೊಸ ಸಣ್ಣ ಕಾರಿನ ರೇಟು ಹೇಳುತ್ತಾರೆ. ನಾಲ್ಕೂವರೆ ಮೀಟರ್ ಮೀರಿದ ಗಾಡಿ ನಮ್ಮ ಪಾರ್ಕಿಂಗ್ ಕಂಬಗಳ ನಡುವೆ ದಿನಾ ತೂರಿಸೋ ತಾಳ್ಮೆ ನನಗಿಲ್ಲ.

ಎರ್ಟಿಗಾ. ನಿಜ ಹೇಳಬೇಕು ಅಂದರೆ ಹತ್ತರಲ್ಲಿ ಏಳು ಜನಕ್ಕೆ ಇದೇ ಸರಿ. 2018ರ ಕೊನೆಯಲ್ಲಿ ಬಂದ ಎರಡನೇ ತಲೆಮಾರಿನದನ್ನೇ ನೋಡಿ. ಮೂರನೇ ಸಾಲು ಮಲಗಿಸಿದರೆ 550 ಲೀಟರ್, ನಡುವಿನದೂ ಮಲಗಿಸಿದರೆ 803 ಅಂತ ಕಂಪನಿ ಲೆಕ್ಕ. ನೆಲ ಹೆಚ್ಚುಕಡಿಮೆ ಸಮತಟ್ಟು. ಆದರೆ ಸೀಟು ಇದ್ದಲ್ಲೇ ಮಲಗುತ್ತೆ, ಅಂದರೆ ಕುಶನ್ನಿನ ದಪ್ಪದಷ್ಟು ಎತ್ತರ ಹೋಯ್ತು. ಹಾಗಾಗಿ ಸೈಕಲ್ ನಿಲ್ಲಿಸೋದಕ್ಕಿಂತ ಮಲಗಿಸೋಕೆ ಚೆನ್ನ. ಸಿಎನ್‌ಜಿ ಎರ್ಟಿಗಾ ಮಾತ್ರ ಬೇಡವೇ ಬೇಡ, ಸಿಲಿಂಡರ್ ಡಿಕ್ಕಿಯಲ್ಲೇ ಕೂತಿರುತ್ತೆ. ಇನ್ನೊಂದು ವಿಷಯ: ಕಾರು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಎರ್ಟಿಗಾಗೆ 2019ರಲ್ಲಿ 3 ಸ್ಟಾರ್, ನಿಯಮ ಬಿಗಿಯಾದ ಮೇಲೆ 2024ರಲ್ಲಿ 1 ಸ್ಟಾರ್. ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಇದನ್ನೂ ನೋಡಬೇಕಲ್ವಾ?

ಇಬ್ಬರೇ ಇರುವವರಿಗೆ, ಒಂದೇ ಸೈಕಲ್ಲಿಗೆ, ಹಳೇ ಹೋಂಡಾ ಜಾಝ್ ಸಕ್ಕತ್ ಗಾಡಿ. ಅದರ ಹಿಂದಿನ ಸೀಟಿನ ಕೂರುವ ಭಾಗವೇ ಸಿನಿಮಾ ಥಿಯೇಟರಿನ ಕುರ್ಚಿಯಂತೆ ಮೇಲಕ್ಕೆ ಮಡಚಿಕೊಳ್ಳುತ್ತೆ, ಕೆಳಗೆ ನೆಲದಿಂದ ಟಾಪಿನವರೆಗೆ ಜಾಗ. ಮ್ಯಾಜಿಕ್ ಸೀಟು ಅಂತಾರೆ. 2015ರ ಮಾಡೆಲ್ಲಿನ ಮೇಲಿನ ವೇರಿಯಂಟ್‌ಗಳಲ್ಲಿ ಇದೆ, 2018ರ ಫೇಸ್‌ಲಿಫ್ಟ್‌ನಲ್ಲಿ ತೆಗೆದುಬಿಟ್ಟರು, ಯಾಕೋ. ಮಾರುವವರಿಗೇ ಇದು ಗೊತ್ತಿರಲ್ಲ, ನೀವೇ ಸೀಟು ಎತ್ತಿ ನೋಡಬೇಕು.

ಟ್ರೈಬರ್‌ನಲ್ಲಿ ಮೂರನೇ ಸಾಲಿನ ಎರಡು ಸೀಟುಗಳನ್ನೂ ಬೇರೆ ಬೇರೆಯಾಗಿ ಕಳಚಬಹುದು. ಪಾನಾ ಗೀನಾ ಏನೂ ಬೇಡ. ನಮ್ಮವು ಬಂದ ದಿನವೇ ಅಟ್ಟ ಸೇರಿದವು, ಊರಿಂದ ಅತ್ತೆ ಮಾವ ಬಂದಾಗ ಮಾತ್ರ ಇಳಿಯುತ್ತವೆ. ಕಳಚಿದ ಮೇಲೆ ಐದು ಸೀಟು, 625 ಲೀಟರ್ ಡಿಕ್ಕಿ, ಅದೂ ನಾಲ್ಕು ಮೀಟರಿಗಿಂತ ಚಿಕ್ಕ ಕಾರಲ್ಲಿ. ನಡುವಿನ ಸಾಲು 60:40 ಆಗಿ ಒಡೆಯುತ್ತೆ, ಹಿಂದೆ ಮುಂದೆ ಸರಿಯುತ್ತೆ, ಬೇಕಾದರೆ ಮಡಚಿ ಮುಂದಕ್ಕೆ ಎತ್ತಿ ನಿಲ್ಲಿಸಬಹುದು. ಚಿಕ್ಕ ಭಾಗ ಮಡಚಿ, ಎರಡು ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ಫೋರ್ಕ್ (ಮುಂದಿನ ಚಕ್ರ ಹಿಡಿಯೋ ಕವಲು) ಆ ಸಂದಿಗೆ ಬರೋ ಹಾಗೆ ತೂರಿಸಿದರೆ ನಾಲ್ಕೂ ಜನ ಕೂರಬಹುದು. ಎಂಟಿಬಿಗೆ ಸೀಟ್ ಪೋಸ್ಟ್ (ಸೀಟು ಕೂರುವ ಕೊಳವೆ) ಪೂರ್ತಿ ತೆಗೆಯಬೇಕು, ಹ್ಯಾಂಡಲ್ ಬೋಲ್ಟು ಅಲೆನ್ ಕೀಯಲ್ಲಿ ಸಡಿಲಿಸಿ ತಿರುಗಿಸಬೇಕು. ಚಿಕ್ಕವಳ ಸೈಕಲ್ಲು ಉಳಿದ ಮೂಲೆಗೆ, ಕಷ್ಟಪಟ್ಟು. ಆಮೇಲೆ ಬುತ್ತಿ ಚೀಲ ಕಾಲ ಮೇಲೆ!

ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ 2021ರಲ್ಲಿ ಇದಕ್ಕೆ ದೊಡ್ಡವರ ರಕ್ಷಣೆಗೆ 4 ಸ್ಟಾರ್ ಬಂತು. ಅದು ಹಳೇ ನಿಯಮದ ಪರೀಕ್ಷೆ, ಹಾಗಾಗಿ ಜಾಸ್ತಿ ಬೀಗಬೇಡಿ.

ಇನ್ನು ಬೈಗುಳ. ಎಂಜಿನ್ನು 1 ಲೀಟರ್, ಮೂರು ಸಿಲಿಂಡರ್, 72 ಪಿಎಸ್. ಊರೊಳಗೆ ಸಾಕು. ನಾಲ್ಕು ಜನ, ಮೂರು ಸೈಕಲ್, ಏಸಿ ಹಾಕಿಕೊಂಡು ಕುಶಾಲನಗರ ದಾಟಿ ಮಡಿಕೇರಿ ಏರು ಹತ್ತಿಸಿ ನೋಡಿ, ಎರಡನೇ ಗೇರಲ್ಲಿ ಗೊಣಗುತ್ತಾ ಹೋಗುತ್ತೆ, ಹಿಂದೆ ಇರುವವರು ಹಾರ್ನ್ ಹೊಡೆಯುತ್ತಾರೆ. ಹೈವೇಲಿ ಬಸ್ಸು ಓವರ್‌ಟೇಕ್ ಮಾಡೋ ಮುಂಚೆ ಯೋಚನೆ ಮಾಡಬೇಕು. ತಾನಾಗೇ ಗೇರು ಬದಲಿಸುವ ಎಎಂಟಿ ಓಡಿಸಿ ನೋಡಿದೆವು, ಏರಿನಲ್ಲಿ ಗೇರು ಹಾಕೋದಾ ಬಿಡೋದಾ ಅಂತ ಅದಕ್ಕೇ ಅನುಮಾನ, ಅದಕ್ಕೇ ಮ್ಯಾನುಯಲ್. ಘಾಟಿ ಕಡೆ ಜಾಸ್ತಿ ಹೋಗುವವರು ಸುಮ್ನೆ 1.5 ಲೀಟರ್ ಎರ್ಟಿಗಾ ತಗೊಳ್ಳಿ.

ಕೊಳ್ಳುವಾಗ ಸೈಕಲ್ಲನ್ನು ಜೊತೆಗೇ ಒಯ್ಯಿರಿ. ಟೇಪು ಸಾಲದು, ಬ್ರೋಶರ್ ಅಂತೂ ಬೇಡ. ಊರಿನ ಒಂದು ದೊಡ್ಡ ಯಾರ್ಡಿಗೆ ಎಂಟಿಬಿ ತಳ್ಳಿಕೊಂಡು ಹೋದೆವು. ಅಲ್ಲಿನ ಹುಡುಗ, "ಏನ್ ಮೇಡಂ, ಕಾರ್ ತಗೊಳ್ಳೋಕೆ ಬಂದ್ರಾ, ಸೈಕಲ್ ಮಾರೋಕೆ ಬಂದ್ರಾ?" ಅಂದ. ತಮಾಷೆ ಸರಿ, ಆದರೆ ಸೀಟು ಕೊಳೆ ಆಗುತ್ತೆ ಅಂತ ಒಳಗೆ ಇಡೋಕೇ ಬಿಡಲಿಲ್ಲ. ಅಂಥ ಕಡೆ ವಾದ ಬೇಡ, ಎದ್ದು ಬನ್ನಿ. ನಮಗೆ ಗಾಡಿ ಸಿಕ್ಕಿದ್ದು ನೇರ ಓನರ್ ಹತ್ತಿರ, ಆ ಯಜಮಾನರು ತಾವೇ ಸೀಟು ಕಳಚಿ ತೋರಿಸಿದರು.

ಎರ್ಟಿಗಾ, ಇನ್ನೋವಾ ನೋಡುವವರು ಟ್ಯಾಕ್ಸಿ ಓಡಿದ್ದಾ ಅಂತ ಚೆಕ್ ಮಾಡಲೇಬೇಕು. ಯೆಲ್ಲೋ ಬೋರ್ಡಿನಿಂದ ವೈಟ್ ಬೋರ್ಡಿಗೆ ಬದಲಾದವು ಮಾರ್ಕೆಟ್ಟಿನಲ್ಲಿ ಬೇಕಾದಷ್ಟಿವೆ. ಟಾಪಿನ ಮೇಲೆ ಕ್ಯಾರಿಯರ್ ಗುರುತು, ಬಾಗಿಲಲ್ಲಿ ಸ್ಟಿಕರ್ ಕಿತ್ತ ನೆರಳು, ಡ್ಯಾಶ್‌ಬೋರ್ಡಲ್ಲಿ ಮೀಟರ್ ಕೂರಿಸಿದ್ದ ತೂತು ನೋಡಿ. ಕಿಲೋಮೀಟರ್ ಕಡಿಮೆ ತೋರಿಸಿ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ದರೆ ಮೀಟರ್ ತಿರುಗಿಸಿದ್ದಾರೆ ಅಂತಲೇ ಅರ್ಥ. ಸರ್ವೀಸ್ ಸೆಂಟರಿನಲ್ಲಿ ನಂಬರ್ ಕೊಟ್ಟು ಹಿಸ್ಟರಿ ಕೇಳಿ. ದೆಹಲಿಯಿಂದ ಬಂದ ಡೀಸೆಲ್ ಗಾಡಿ ಅಗ್ಗ ಕಾಣುತ್ತೆ, ಆದರೆ ಇಲ್ಲಿ ಮತ್ತೆ ಲೈಫ್‌ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ಮಾಡಿಸುವಷ್ಟರಲ್ಲಿ ಉಳಿತಾಯ ಎಲ್ಲ ಕರಗಿರುತ್ತೆ.

ಪೇಪರ್ ಕೆಲಸ ಬೇಗ ಹೇಳಿ ಮುಗಿಸ್ತೀನಿ. ಟ್ರಾನ್ಸ್‌ಫರಿಗೆ ಫಾರ್ಮ್ 29, 30. ಸಾಲದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35. ಬೆಂಗಳೂರು ಟ್ರಾಫಿಕ್ ಪೊಲೀಸರ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಬಾಕಿ ಫೈನ್ ನೋಡಿ, ಅಡ್ವಾನ್ಸ್ ಕೊಡೋ ಮೊದಲೇ ಕಟ್ಟಿಸಿ. ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ ಹಳೇ ಓನರದ್ದು, ಗಾಡಿ ಜೊತೆ ನಿಮಗೆ ಬರಲ್ಲ. ಅದರಿಂದ ಪ್ರೀಮಿಯಂ ಏರುತ್ತೆ, ಬಜೆಟ್ಟಿನಲ್ಲಿ ಇಟ್ಟುಕೊಳ್ಳಿ.

ತುಂಬುವಾಗ ಕೆಲವು ವಿಷಯ. ಸೈಕಲ್ ಮಲಗಿಸೋದಾದರೆ ಚೈನ್ ಇರುವ ಬದಿ ಮೇಲೆ, ಇಲ್ಲಾಂದ್ರೆ ಗೇರು ಬದಲಿಸುವ ಡಿರೇಲರ್ ಬಗ್ಗುತ್ತೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಚಕ್ರ ತೆಗೆದ ಮೇಲೆ ಪ್ಯಾಡುಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಿ. ಯಾರಾದರೂ ಲಿವರ್ ಒತ್ತಿಬಿಟ್ಟರೆ ಪ್ಯಾಡು ಕಚ್ಚಿಕೊಂಡು ಚಕ್ರ ವಾಪಸ್ ಕೂರಲ್ಲ. ಹಳೇ ಬೆಡ್‌ಶೀಟ್ ಎರಡು ಇರಲಿ, ಒಂದು ನೆಲಕ್ಕೆ, ಒಂದು ಮಕ್ಕಳಿಗೂ ಚೈನಿಗೂ ನಡುವೆ. ಮತ್ತೆ ಸೈಕಲ್ಲನ್ನು ಕಟ್ಟಿ, ದಯವಿಟ್ಟು. ನಂದಿ ಕಡೆ ಹೊರಟರೆ ಎಷ್ಟೋ ಕಾರುಗಳಲ್ಲಿ ಸೈಕಲ್ಲು ಸುಮ್ನೆ ಒರಗಿಸಿಟ್ಟಿರೋದು ಕಾಣುತ್ತೆ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಹದಿಮೂರು ಹದಿನಾಲ್ಕು ಕೆಜಿ ಕಬ್ಬಿಣ ನೇರ ಮುಂದಿನವರ ಕುತ್ತಿಗೆಗೆ. ಸರಕು ಬಿಗಿಯುವ ರ‍್ಯಾಚೆಟ್ ಬೆಲ್ಟು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿ, ಎರಡು ಸಾಕು.

ಒಂದು ತೊಂದರೆ ಮುಂದೆ ಇದೆ, ಅದು ಗೊತ್ತಿದ್ದೇ ತಗೊಂಡೆವು. ಚಿಕ್ಕವಳು 24 ಇಂಚಿಗೆ ಏರಿದರೆ ಮೂರನೇ ಸೈಕಲ್ಲಿಗೆ ಒಳಗೆ ಜಾಗ ಇರಲ್ಲ. ಮನೆಯಲ್ಲಿ ಮೂರು ದೊಡ್ಡ ಸೈಕಲ್ಲು ಈಗಾಗಲೇ ಇದ್ದು, ಐದು ಜನ ಹೋಗೋದಾದರೆ ಟ್ರೈಬರ್ ನೋಡಲೇಬೇಡಿ, ದುಡ್ಡು ಕೂಡಿಸಿ ಕ್ರಿಸ್ಟಾಗೆ ಹೋಗಿ, ಆಗಲೂ ಒಂದು ಸೈಕಲ್ಲು ಹೊರಗೇ.