ಲ್ಯಾಪ್‌ಟಾಪ್‌ಗೆ ಯಾವ ಎಸ್‌ಎಸ್‌ಡಿ, ಸಾಟಾನಾ ಎನ್‌ವಿಎಂಇನಾ?

ಎಸ್‌ಎಸ್‌ಡಿ ಅಂದ್ರೆ ಫೈಲ್‌ಗಳನ್ನ ಇಡೋ ಡ್ರೈವ್, ಅದು ಲ್ಯಾಪ್‌ಟಾಪ್ ಜೊತೆ ಮಾತಾಡೋ ಹಳೇ ದಾರಿ ಸಾಟಾ, ಹೊಸದು ಎನ್‌ವಿಎಂಇ. ಸಾಟಾ ಎಸ್‌ಎಸ್‌ಡಿ ಎಷ್ಟೇ ಒಳ್ಳೇದು ತಗೊಂಡ್ರೂ ಸೆಕೆಂಡಿಗೆ ಸುಮಾರು 550 ಎಂಬಿ ದಾಟಲ್ಲ, ಎನ್‌ವಿಎಂಇ ಜೆನ್ 3 (ಮೂರನೇ ತಲೆಮಾರು) ಆದ್ರೆ 3500ರ ತನಕ ಹೋಗತ್ತೆ. ಆದ್ರೆ ಬಾಕ್ಸ್ ಮೇಲಿರೋ ಈ ನಂಬರ್ ದೊಡ್ಡ ಫೈಲ್ ಒಂದೇ ಸಮ ಓದೋವಾಗ ಬರೋದು. ಡ್ರೈವ್ ಸ್ಪೀಡ್ ಅಳೆಯೋ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಅನ್ನೋ ಆ್ಯಪ್ ರನ್ ಮಾಡಿ ಕೊನೇ ಸಾಲು ನೋಡಿ, 4ಕೆ ಕ್ಯೂ1, ಅಂದ್ರೆ ಅಲ್ಲಲ್ಲಿ ಚದುರಿರೋ ಚಿಕ್ಕ ಚಿಕ್ಕ ತುಣುಕು ಒಂದೊಂದಾಗಿ ಓದೋ ಬರೆಯೋ ಸ್ಪೀಡ್, ವಿಂಡೋಸ್ ಬೂಟ್ ಆಗೋದು ಆ್ಯಪ್ ತೆರೆಯೋದು ಹೆಚ್ಚಾಗಿ ಅದರ ಮೇಲೇ ನಿಂತಿರೋದು, ಅಲ್ಲಿ ಓದೋದ್ರಲ್ಲಿ ಎನ್‌ವಿಎಂಇ ಕೂಡ ಸಾಮಾನ್ಯವಾಗಿ ನೂರು ಎಂಬಿಯೊಳಗೇ ಇರತ್ತೆ, ಸಾಟಾಗಿಂತ ಮುಂದೆ ಹೌದು ಆದ್ರೆ ಆರು ಪಟ್ಟೇನಲ್ಲ. ಹಳೇ ಲ್ಯಾಪ್‌ಟಾಪ್, ಬರೀ ಆಫೀಸ್ ಕೆಲಸ ಅಂದ್ರೆ ಸಾಟಾನೇ ಸಾಕು ಕಣ್ರೀ. ವಿಡಿಯೋ ಎಡಿಟ್ ಮಾಡೋರು ಎನ್‌ವಿಎಂಇನೇ ತಗೊಳ್ಳಿ, ತಗೊಂಡ್ಮೇಲೆ 50 ಜಿಬಿ ಫೈಲ್ ಒಂದು ಕಾಪಿ ಮಾಡಿ ನೋಡಿ, ಅಗ್ಗದ ಡ್ರೈವ್ ಆದ್ರೆ ಕ್ಯಾಶ್ (ಡೇಟಾ ಮೊದಲು ಬೇಗ ಬರೆದಿಡೋ ಜಾಗ) ತುಂಬಿದ ತಕ್ಷಣ ಸ್ಪೀಡ್ ದಬಕ್ಕಂತ ಬೀಳತ್ತೆ. ಲ್ಯಾಪ್‌ಟಾಪ್‌ನಲ್ಲಿ ಎಂ.2 ಸ್ಲಾಟ್ (ಚಪ್ಪಟೆ ಕಡ್ಡಿಯಂಥ ಎಸ್‌ಎಸ್‌ಡಿ ಸಿಕ್ಕಿಸೋ ಜಾಗ) ಇದ್ದ ಮಾತ್ರಕ್ಕೆ ಎನ್‌ವಿಎಂಇ ಓಡತ್ತೆ ಅಂತಲ್ಲ, ಕೆಲವು ಸ್ಲಾಟ್ ಸಾಟಾ ಮಾತ್ರ ತಗೊಳ್ತವೆ.